ಮಗು ಮೈ ಕೆರೆದುಕೊಂಡರೆ ಮೊದಲು ಟ್ಯೂಬು ತರಬೇಡಿ

ದಸರಾ ರಜೆಗೆ ಅಕ್ಕನ ಮಗ ಹಾಸ್ಟೆಲ್ಲಿನಿಂದ ನಮ್ಮ ಮನೆಗೆ ಬಂದಿದ್ದ. ಹತ್ತು ವರ್ಷದ ಹುಡುಗ. ಹಗಲೆಲ್ಲ ಚೆನ್ನಾಗಿ ಆಡಿಕೊಂಡಿದ್ದವನು ರಾತ್ರಿ ದೀಪ ಆರಿಸಿ ಅರ್ಧ ಗಂಟೆಯಾಗಿರಲಿಲ್ಲ, ಪರಪರ ಕೆರೆಯುವ ಸದ್ದು ಶುರುವಾಯಿತು. "ಚಿಕ್ಕಮ್ಮಾ, ನಿದ್ದೆನೇ ಬರ್ತಿಲ್ಲ" ಎಂದು ಎದ್ದು ಕೂತ. ಮೊಬೈಲ್ ಟಾರ್ಚ್ ಹಿಡಿದು ಅವನ ಕೈ ನೋಡಿದೆ. ಬೆರಳ ಸಂದುಗಳಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು. ಅವುಗಳ ನಡುವೆ ಅಲ್ಲಲ್ಲಿ ಕೂದಲೆಳೆಯಷ್ಟು ಸಣ್ಣ, ವಕ್ರವಾದ ಗೆರೆ, ಯಾರೋ ಸೀಸದ ಕಡ್ಡಿಯಲ್ಲಿ ಗೀಚಿ ಅರ್ಧಕ್ಕೆ ಬಿಟ್ಟಂತೆ.

ಅವನ ಬ್ಯಾಗಿನಲ್ಲಿ ಅರ್ಧ ಹಿಂಡಿದ ಟ್ಯೂಬೊಂದಿತ್ತು. ಯಾವುದೋ ಮೆಡಿಕಲ್ ಶಾಪಿನವರು ಚೀಟಿಯಿಲ್ಲದೆ ಕೊಟ್ಟದ್ದು. "ಹಚ್ಚಿದ ಎರಡು ದಿನ ಕಮ್ಮಿ ಇರತ್ತೆ, ಆಮೇಲೆ ಇನ್ನೂ ಜಾಸ್ತಿ" ಎಂದ. ಮರುದಿನ ಚರ್ಮದ ಡಾಕ್ಟರು ನೋಡಿದ ಕೂಡಲೇ ಕಜ್ಜಿ ಎಂದರು. ಬೇರೆ ಮುಲಾಮು ಬರೆದು, "ಮನೆಯವರೆಲ್ಲ ಒಂದೇ ರಾತ್ರಿ ಹಚ್ಚಿಕೊಳ್ಳಿ" ಎಂದು ಎರಡು ಸಲ ಹೇಳಿದರು. ನಾವು ಹಚ್ಚಿದ್ದು ಅವನೊಬ್ಬನಿಗೆ. ಕೆರೆತವೇ ಇಲ್ಲದ ನಮಗೇಕೆ ಎಂಬ ಜಾಣತನ. ಅವನು ವಾಸಿಯಾಗಿ ಹಾಸ್ಟೆಲ್ಲಿಗೆ ಹೋದ. ದೀಪಾವಳಿ ಕಳೆದು ವಾರವಾಗುವಷ್ಟರಲ್ಲಿ ನನ್ನ ಮಗಳು ರಾತ್ರಿ ಹೊಟ್ಟೆ ಕೆರೆಯತೊಡಗಿದಳು.

ಮಕ್ಕಳ ಚರ್ಮದ ತೊಂದರೆಗಳ ವಿಷಯದಲ್ಲಿ ನಾವು ಮಾಡುವ ಎರಡು ದೊಡ್ಡ ತಪ್ಪುಗಳೂ ಈ ಒಂದೇ ಪ್ರಸಂಗದಲ್ಲಿವೆ. ಒಂದು, ಯಾವ ರೋಗ ಎಂದು ನೋಡದೆ ಎಲ್ಲಕ್ಕೂ ಒಂದೇ ಟ್ಯೂಬು. ಇನ್ನೊಂದು, ಕಾಣುವ ಮಗುವಿಗೆ ಮಾತ್ರ ಔಷಧ.

ಉಷ್ಣವಲಯದಲ್ಲೇ ಏಕೆ ಇಷ್ಟು?

ನಮ್ಮಂಥ ಬಿಸಿ ನಾಡಿನಲ್ಲಿ ಮಗುವಿನ ಚರ್ಮ ವರ್ಷದ ಬಹುಪಾಲು ಒದ್ದೆಯಾಗಿಯೇ ಇರುತ್ತದೆ. ಬೇಸಿಗೆಯಲ್ಲಿ ಬೆವರು, ಮಳೆಗಾಲದಲ್ಲಿ ಒಣಗದ ಬಟ್ಟೆ. ಒದ್ದೆ ಚರ್ಮ ಮೆತ್ತಗಾಗುತ್ತದೆ, ಬೇಗ ತರಚುತ್ತದೆ, ಶಿಲೀಂಧ್ರಕ್ಕೆ ಹದವಾದ ನೆಲವಾಗುತ್ತದೆ. ಸೊಳ್ಳೆ, ಹುಳುಹುಪ್ಪಟೆ ಕಚ್ಚಿದ ಜಾಗವನ್ನು ಮಗು ಕೆರೆದು ಗಾಯ ಮಾಡಿಕೊಳ್ಳುತ್ತದೆ, ಉಗುರಿನ ಕೊಳೆಯಲ್ಲಿದ್ದ ಬ್ಯಾಕ್ಟೀರಿಯಾ ಆ ಗಾಯಕ್ಕೆ ಇಳಿಯುತ್ತದೆ. ಇದರ ಮೇಲೆ ಒಂದೇ ಚಾಪೆಯಲ್ಲಿ ನಾಲ್ಕು ಮಕ್ಕಳು ಮಲಗುವ ಮನೆಗಳು, ಮಂಚಕ್ಕೆ ಮಂಚ ತಾಗಿಸಿದ ವಸತಿ ಶಾಲೆಗಳು. ರೋಗ ದಾಟಲು ಬೇಕಾದ ಸೇತುವೆಯನ್ನೆಲ್ಲ ನಾವೇ ಕಟ್ಟಿಟ್ಟಿರುತ್ತೇವೆ.

ಹಾಗೆಂದು ಚರ್ಮರೋಗ ಬಂದ ಮಗುವೆಲ್ಲ ಕೊಳಕು ಮಗುವಲ್ಲ. ಕಜ್ಜಿ ದಿನಕ್ಕೆರಡು ಸಲ ಸ್ನಾನ ಮಾಡುವ ಮಗುವಿಗೂ ಬರುತ್ತದೆ. ಈ ನಾಚಿಕೆಯೇ ಅದನ್ನು ಬಚ್ಚಿಡಿಸುತ್ತದೆ, ಬಚ್ಚಿಟ್ಟಷ್ಟೂ ಹರಡುತ್ತದೆ.

ಹಚ್ಚುವ ಮೊದಲು ಮೂರು ಪ್ರಶ್ನೆ

ಬೆಳಗಿನ ಬೆಳಕಿನಲ್ಲಿ, ಮಗುವಿನ ಬಟ್ಟೆ ತೆಗೆದು, ಅಂಗಾಲಿನಿಂದ ನೆತ್ತಿಯವರೆಗೆ ಒಮ್ಮೆ ನೋಡಿ. ಡಾಕ್ಟರರ ಬಳಿ ಹೋದಾಗಲೂ ಇವೇ ಪ್ರಶ್ನೆ ಬರುತ್ತವೆ.

1. ಎಲ್ಲಿದೆ? ಬೆರಳ ಸಂದು, ಮಣಿಕಟ್ಟು, ಕಂಕುಳು, ಹೊಕ್ಕಳ ಸುತ್ತ, ತೊಡೆಸಂದು ಎಂದರೆ ಕಜ್ಜಿಯ ಗುಮಾನಿ. ಕುತ್ತಿಗೆ, ಬೆನ್ನು, ಹಣೆ ಎಂದರೆ ಬೆವರುಸಾಲೆ. ಮೊಣಕಾಲಿನ ಕೆಳಗೆ, ತೆರೆದ ಕೈಗಳ ಮೇಲೆ ಮಾತ್ರ ಎಂದರೆ ಕೀಟ ಕಚ್ಚಿದ್ದು. ಸೊಂಟದ ಸುತ್ತ, ತೊಡೆಯಲ್ಲಿ ಉಂಗುರದಂತೆ ಎಂದರೆ ಹುಳುಕಡ್ಡಿ.

2. ಯಾವಾಗ ಹೆಚ್ಚು? ರಾತ್ರಿ ಹೊದಿಕೆಯೊಳಗೆ ಬೆಚ್ಚಗಾದ ಕೂಡಲೇ ಕೆರೆತ ಏರಿದರೆ ಕಜ್ಜಿ. ಬಿಸಿಲಲ್ಲಿ ಆಡಿ ಬಂದಾಗ ಚುರುಚುರು ಎಂದರೆ ಬೆವರುಸಾಲೆ.

3. ಮನೆಯಲ್ಲಿ ಇನ್ಯಾರು ಕೆರೆದುಕೊಳ್ಳುತ್ತಿದ್ದಾರೆ? ಇದನ್ನು ಕೇಳಲು ಜನ ಸಂಕೋಚಪಡುತ್ತಾರೆ. ಕೇಳಲೇಬೇಕು. ಇಬ್ಬರಿಗೆ ಇದ್ದರೆ ಅರ್ಧ ರೋಗನಿದಾನ ಮುಗಿದಂತೆ.

ಕಜ್ಜಿ: ಚರ್ಮದೊಳಗೆ ಸುರಂಗ ಕೊರೆಯುವ ನುಸಿ

ಕರಾವಳಿಯವರು ಸೊಳ್ಳೆಗೆ ನುಸಿ ಎನ್ನುತ್ತಾರೆ, ಇದು ಅದಲ್ಲ. ತೆಂಗಿನಕಾಯಿಯ ಸಿಪ್ಪೆ ಸೀಳಿ ಕಂದು ಮಾಡುವ ನುಸಿ ಗೊತ್ತಲ್ಲ, ಇದು ಅದರ ದೂರದ ನೆಂಟ. ಹೆಣ್ಣು ನುಸಿ ಅರ್ಧ ಮಿಲಿಮೀಟರಿಗಿಂತ ಚಿಕ್ಕದು. ಚರ್ಮದ ಮೇಲ್ಪದರದೊಳಗೆ ಸುರಂಗ ಕೊರೆಯುತ್ತ, ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತ ಸಾಗುತ್ತದೆ. ನಾನು ಟಾರ್ಚಿನಲ್ಲಿ ಕಂಡ ಸೀಸದ ಗೆರೆ ಅದೇ ಸುರಂಗ. ಮೊಟ್ಟೆ ಮೂರು ನಾಲ್ಕು ದಿನಕ್ಕೆ ಒಡೆಯುತ್ತದೆ. ಮರಿ ದೊಡ್ಡದಾಗಲು ಸುಮಾರು ಎರಡು ವಾರ.

ಸಾಮಾನ್ಯ ಕಜ್ಜಿ ಇರುವ ಮಗುವಿನ ಮೈಮೇಲೆ ಒಟ್ಟು ಇರುವ ನುಸಿಗಳು ಹತ್ತು ಹದಿನೈದು ಮಾತ್ರ. ಹಾಗಾದರೆ ಮೈತುಂಬ ಗುಳ್ಳೆ ಏಕೆ? ಅದು ನುಸಿಯ ಮಲ, ಮೊಟ್ಟೆಗಳಿಗೆ ದೇಹ ತೋರುವ ಅಲರ್ಜಿ. ಈ ಅಲರ್ಜಿ ಕುದುರಲು ಮೊದಲ ಸಲ ಮೂರರಿಂದ ಆರು ವಾರ ಬೇಕು. ನನ್ನ ಮಗಳ ಲೆಕ್ಕ ಈಗ ಸರಿಹೋಯಿತೇ? ದಸರಾಕ್ಕೆ ಅಂಟಿದ್ದು ದೀಪಾವಳಿ ಮುಗಿದ ಮೇಲೆ ಕೆರೆಯಿತು. ಆ ಮೂರ್ನಾಲ್ಕು ವಾರ ಅವಳು ಲಕ್ಷಣವೇ ಇಲ್ಲದೆ ಇತರರಿಗೆ ಹಂಚಬಲ್ಲವಳಾಗಿದ್ದಳು. "ನನಗೇನೂ ಆಗಿಲ್ಲ" ಎನ್ನುವವರಿಗೂ ಔಷಧ ಹಚ್ಚಬೇಕಾದದ್ದು ಇದೇ ಕಾರಣಕ್ಕೆ.

ಹರಡುವುದು ಹೆಚ್ಚಾಗಿ ಮೈಗೆ ಮೈ ತಾಗಿ: ಒಟ್ಟಿಗೆ ಮಲಗುವುದು, ಎತ್ತಿಕೊಳ್ಳುವುದು, ಕೈ ಹಿಡಿದು ಆಡುವುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಕೆನೆತ್ ಮೆಲನ್‌ಬಿ ಎಂಬ ಕೀಟವಿಜ್ಞಾನಿ ಇದನ್ನು ಪರೀಕ್ಷಿಸಿದ. ಯುದ್ಧಕ್ಕೆ ಹೋಗಲು ಒಪ್ಪದ ಸ್ವಯಂಸೇವಕರನ್ನು ಕಜ್ಜಿ ರೋಗಿಗಳು ಬಳಸಿದ ಒಳಉಡುಪು ತೊಡಿಸಿ, ಅವರ ಕಂಬಳಿಗಳಲ್ಲಿ ಮಲಗಿಸಿದ. ರೋಗ ಹತ್ತಿದ್ದು ತೀರಾ ಅಪರೂಪ. ಹಾಗಾಗಿ ಗಮನವೆಲ್ಲ ಮನೆಯ ಜನರ ಮೇಲಿರಲಿ, ಬಟ್ಟೆ ಒಗೆತ ಅದರ ನಂತರದ ಮಾತು.

ಎಲ್ಲರಿಗೂ ಒಟ್ಟಿಗೆ ಎಂಬುದರ ಬಲ ಎಷ್ಟು ಎಂದು ಕೇಳುವವರಿಗೆ ಫಿಜಿ ದ್ವೀಪದ ಉದಾಹರಣೆ ಕೊಡಬಹುದು. ಅಲ್ಲಿ ನಡೆಸಿದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಕಡೆ ರೋಗ ಕಂಡವರಿಗೂ ಅವರ ಸಂಪರ್ಕದವರಿಗೂ ಮಾತ್ರ ಮುಲಾಮು ಕೊಟ್ಟರು. ವರ್ಷದ ನಂತರ ಕಜ್ಜಿ ಅರ್ಧಕ್ಕಿಳಿದಿತ್ತು. ಇನ್ನೊಂದು ಕಡೆ ರೋಗ ಇದ್ದವರು ಇಲ್ಲದವರು ಎನ್ನದೆ ಊರಿಗೇ ಐವರ್‌ಮೆಕ್ಟಿನ್ ಗುಳಿಗೆ ಕೊಟ್ಟರು. ಅಲ್ಲಿ ನೂರರಲ್ಲಿ 32 ಜನರಿಗಿದ್ದ ಕಜ್ಜಿ ಇಬ್ಬರಿಗೆ ಇಳಿಯಿತು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕಜ್ಜಿಯನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ನಿರ್ಲಕ್ಷಿತ ಎಂಬ ಮಾತು ಸರಿಯಾಗಿಯೇ ಇದೆ.

ಹಚ್ಚುವ ಕ್ರಮ

ವೈದ್ಯರು ಸಾಮಾನ್ಯವಾಗಿ ಬರೆಯುವುದು ಶೇಕಡಾ 5ರ ಪರ್ಮೆಥ್ರಿನ್ ಮುಲಾಮು. ಔಷಧ ಸರಿಯಿದ್ದೂ ಹಚ್ಚುವ ರೀತಿ ತಪ್ಪಿ ಸೋಲುವವರೇ ಹೆಚ್ಚು.

1. ಮನೆಯವರೆಲ್ಲರಿಗೂ ಸಾಲುವಷ್ಟು ಟ್ಯೂಬು ಮೊದಲೇ ತನ್ನಿ. ದೊಡ್ಡವರೊಬ್ಬರಿಗೆ ಸುಮಾರು 30 ಗ್ರಾಂ ಬೇಕು. ಮಕ್ಕಳಿಗೆ ವಯಸ್ಸಿಗೆ ತಕ್ಕಂತೆ ಕಡಿಮೆ.

2. ಸಂಜೆ ಸ್ನಾನ ಮಾಡಿಸಿ, ಮೈ ಚೆನ್ನಾಗಿ ಒರೆಸಿ, ಆರಲು ಬಿಡಿ. ಸ್ನಾನ ಮಾಡಿದ ಬಿಸಿ ಮೈಗೇ ಹಚ್ಚಬೇಡಿ. ಉಗುರು ಕತ್ತರಿಸಿ.

3. ಗುಳ್ಳೆ ಇರುವಲ್ಲಿ ಮಾತ್ರ ಹಚ್ಚಿದರೆ ಏನೂ ಹಚ್ಚಿದಂತಲ್ಲ. ಕುತ್ತಿಗೆಯಿಂದ ಅಂಗಾಲಿನವರೆಗೆ ಇಡೀ ಮೈಗೆ ತೆಳ್ಳಗೆ ಸವರಿ. ಬೆರಳ ಸಂದು, ಉಗುರಿನ ಬುಡ, ಹೊಕ್ಕಳು, ಕಂಕುಳು, ಗುಪ್ತಾಂಗ, ಪೃಷ್ಠದ ಸೀಳು, ಕಾಲ್ಬೆರಳ ನಡುವೆ ಯಾವುದೂ ಬಿಟ್ಟುಹೋಗಬಾರದು. ಉಡುದಾರ ಇದ್ದರೆ ಸರಿಸಿ ಅದರಡಿಗೂ ಹಚ್ಚಿ. ಎಳೆಯ ಮಕ್ಕಳಲ್ಲಿ ನುಸಿ ತಲೆ, ಮುಖಕ್ಕೂ ಹೋಗುವುದರಿಂದ ಅಲ್ಲಿಗೂ ಹಚ್ಚಬೇಕಾಗುತ್ತದೆ. ಕಣ್ಣು, ಬಾಯಿಯ ಸುತ್ತ ಬೇಡ. ಬೆರಳು ಚೀಪುವ ಮಗುವಾದರೆ ಕೈಗೆ ತೆಳುವಾದ ಹತ್ತಿ ಚೀಲ ಕಟ್ಟಿ.

4. ಎಂಟರಿಂದ ಹದಿನಾಲ್ಕು ಗಂಟೆ ಮೈಮೇಲಿರಲಿ. ನಡುವೆ ಕೈ ತೊಳೆದರೆ, ಮಗುವಿನ ಕುಂಡೆ ತೊಳೆದರೆ ಆ ಜಾಗಕ್ಕೆ ಮತ್ತೆ ಹಚ್ಚಿ. ಬೆಳಗ್ಗೆ ಸ್ನಾನ.

5. ಅಂದೇ ಬೆಳಗ್ಗೆ, ಹಿಂದಿನ ಎರಡು ಮೂರು ದಿನ ತೊಟ್ಟ ಬಟ್ಟೆ, ಹಾಸಿಗೆ ಹೊದಿಕೆ, ಟವೆಲ್ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಒಗೆಯಲಾಗದ ಸ್ವೆಟರ್, ಬಟ್ಟೆಯ ಬೊಂಬೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಿ. ಮನುಷ್ಯನ ಮೈ ಬಿಟ್ಟರೆ ನುಸಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ, ಒಂದು ವಾರ ಕಟ್ಟಿಟ್ಟರೆ ನಿಶ್ಚಿಂತೆ.

6. ಒಂದು ವಾರದಿಂದ ಎರಡು ವಾರದೊಳಗೆ, ವೈದ್ಯರು ಹೇಳಿದ ದಿನ, ಇಡೀ ಕ್ರಮ ಮತ್ತೊಮ್ಮೆ, ಎಲ್ಲರಿಗೂ. ಮೊದಲ ಸಲ ಉಳಿದುಕೊಂಡ ಮೊಟ್ಟೆಯಿಂದ ಬಂದ ಮರಿಗಳನ್ನು ಹಿಡಿಯುವುದು ಈ ಎರಡನೇ ಸುತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ, ಇಲ್ಲದಿದ್ದರೆ ಖಂಡಿತ ಮರೆಯುತ್ತೀರಿ.

ಮೊದಲ ಸಲ ಹಚ್ಚಿದ ಮರುದಿನದಿಂದ ಮಗು ಶಾಲೆಗೆ ಹೋಗಬಹುದು. ಆದರೆ ಕೆರೆತ ತಕ್ಷಣ ನಿಲ್ಲುವುದಿಲ್ಲ. ನುಸಿ ಸತ್ತರೂ ಅದರ ಕಸ ಚರ್ಮದೊಳಗೇ ಇರುತ್ತದೆ. ಎರಡರಿಂದ ನಾಲ್ಕು ವಾರ ತುರಿಕೆ ಉಳಿಯುವುದುಂಟು. "ಔಷಧ ಹಿಡಿಯಲಿಲ್ಲ" ಎಂದು ದಿನಾ ಹಚ್ಚಿದರೆ ಚರ್ಮ ಉರಿದು ತುರಿಕೆ ಇನ್ನೂ ಹೆಚ್ಚುತ್ತದೆ. ತುರಿಕೆಗೆ ಬೇರೆ ಔಷಧ ಇದೆ, ಕೇಳಿ ಪಡೆಯಿರಿ. ನಾಲ್ಕು ವಾರ ಕಳೆದೂ ಹೊಸ ಗುಳ್ಳೆ ಬರುತ್ತಿದ್ದರೆ ಮಾತ್ರ ಮತ್ತೆ ತೋರಿಸಿ.

ಎಚ್ಚರಿಕೆ: ಎರಡು ತಿಂಗಳೊಳಗಿನ ಕೂಸು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ವೈದ್ಯರನ್ನು ಕೇಳಿಯೇ ಹಚ್ಚಬೇಕು. ಐವರ್‌ಮೆಕ್ಟಿನ್ ಗುಳಿಗೆಯನ್ನು 15 ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ನೀವಾಗಿ ಕೊಡಬೇಡಿ. ಮನೆಯ ಕಪಾಟಿನಲ್ಲಿ ಹಳೆಯ ಗಾಮಾ ಬೆನ್ಜೀನ್ ಹೆಕ್ಸಾಕ್ಲೋರೈಡ್ ಲೋಷನ್ ಇದ್ದರೆ ಚಿಕ್ಕ ಮಕ್ಕಳಿಗೆ ಹಚ್ಚಬೇಡಿ. ಅದು ಚರ್ಮದ ಮೂಲಕ ಮೈಗೇರಿ ಫಿಟ್ಸ್ ತರಬಲ್ಲದು.

ಕೀವುಗುಳ್ಳೆ: ಹುಣ್ಣು ಚರ್ಮದ್ದು, ಪೆಟ್ಟು ಮೂತ್ರಪಿಂಡಕ್ಕೆ

ಮೂಗಿನ ಕೆಳಗೆ, ಬಾಯಿಯ ಸುತ್ತ, ಕಾಲಿನ ಮೇಲೆ ಸಣ್ಣ ಗುಳ್ಳೆ ಎದ್ದು ಒಡೆದು, ಜೇನುತುಪ್ಪ ಒಣಗಿದಂಥ ಹಳದಿ ಹಕ್ಕಳೆ ಕಟ್ಟಿದರೆ ಅದು ಬ್ಯಾಕ್ಟೀರಿಯಾ ಸೋಂಕು. ಸ್ಟೆಫಿಲೊಕಾಕಸ್, ಸ್ಟ್ರೆಪ್ಟೊಕಾಕಸ್ ಎಂಬ ಎರಡು ಬಗೆಯವು ಇದಕ್ಕೆ ಕಾರಣ. ಕಜ್ಜಿ ಕೆರೆದ ಗಾಯದ ಮೇಲೆ, ಸೊಳ್ಳೆ ಕಚ್ಚಿದ ಗಾಯದ ಮೇಲೆ, ಹೇನಿನ ತಲೆಯಲ್ಲಿ ಬರುವುದೇ ಹೆಚ್ಚು.

ನಮ್ಮಲ್ಲಿ "ಮಳೆಗಾಲದ ಕುರು, ತಾನಾಗಿ ಮಾಯುತ್ತೆ" ಎಂದು ಬಿಡುವ ರೂಢಿ. ಬಹಳಷ್ಟು ಸಲ ಮಾಯುತ್ತದೆ ನಿಜ. ಆದರೆ ಸ್ಟ್ರೆಪ್ಟೊಕಾಕಸ್‌ನ ಕೆಲವು ತಳಿಗಳು ಚರ್ಮದಲ್ಲಿದ್ದು ಹೋದ ಕೆಲವು ವಾರಗಳ ಮೇಲೆ ಮೂತ್ರಪಿಂಡ ಊದಿಕೊಳ್ಳುವುದುಂಟು. ಬೆಳಗ್ಗೆ ಎದ್ದಾಗ ಮಗುವಿನ ಕಣ್ಣಿನ ಸುತ್ತ, ಮುಖ ಬಾತಿರುವುದು, ಮೂತ್ರ ಕಡಿಮೆಯಾಗಿ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗುವುದು ಇದರ ಗುರುತು. ಮೂತ್ರಕ್ಕೂ ಕಾಲಿನ ಹುಣ್ಣಿಗೂ ಏನು ಸಂಬಂಧ ಎನ್ನಬೇಡಿ. ಅಂದೇ ಆಸ್ಪತ್ರೆಗೆ ಹೋಗಿ, ಹೋದಾಗ ಹುಣ್ಣಿನ ಸುದ್ದಿಯನ್ನೂ ಹೇಳಿ.

ಹುಣ್ಣಿಗೆ ಮಾಡಬೇಕಾದದ್ದು ಸರಳ. ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿದ ಶುಭ್ರ ಬಟ್ಟೆಯಿಂದ ಹಕ್ಕಳೆ ನೆನೆಸಿ, ತಾನಾಗಿ ಬಿಟ್ಟುಬಂದಷ್ಟನ್ನು ತೆಗೆಯಿರಿ. ಗಟ್ಟಿ ಹಕ್ಕಳೆಯ ಮೇಲೆ ಹಚ್ಚಿದ ಔಷಧ ಒಳಗೆ ಇಳಿಯುವುದೇ ಇಲ್ಲ. ಆಮೇಲೆ ವೈದ್ಯರು ಕೊಟ್ಟ ಆ್ಯಂಟಿಬಯಾಟಿಕ್ ಮುಲಾಮು. ಹುಣ್ಣು ನಾಲ್ಕೈದಕ್ಕಿಂತ ಹೆಚ್ಚಿದ್ದರೆ, ಜ್ವರ ಇದ್ದರೆ ಬಾಯಿಗೆ ಔಷಧ ಬೇಕಾಗಬಹುದು. ಟವೆಲ್ ಬೇರೆ ಇಡಿ. ಹುಣ್ಣಿನಡಿಯಲ್ಲಿ ಕಜ್ಜಿ ಇದೆಯೇ ನೋಡಿ. ಕಜ್ಜಿಯನ್ನು ಹಾಗೇ ಬಿಟ್ಟು ಹುಣ್ಣು ಮಾತ್ರ ವಾಸಿ ಮಾಡಿದರೆ ಹದಿನೈದು ದಿನಕ್ಕೆ ಮತ್ತೆ ಹಾಜರು.

ಹುಳುಕಡ್ಡಿ ಮತ್ತು ಆ ಟ್ಯೂಬು

ಹುಳುಕಡ್ಡಿಯಲ್ಲಿ ಹುಳವಿಲ್ಲ. ಅದು ಶಿಲೀಂಧ್ರ, ಅಂದರೆ ಮಳೆಗಾಲದಲ್ಲಿ ಚಪ್ಪಲಿಯ ಮೇಲೆ ಬರುವ ಬೂಷ್ಟಿನ ವರ್ಗಕ್ಕೆ ಸೇರಿದ್ದು. ಚರ್ಮದ ಸತ್ತ ಮೇಲ್ಪದರವನ್ನು ತಿನ್ನುತ್ತ ಹೊರಕ್ಕೆ ಹಬ್ಬುತ್ತದೆ. ಅಂಚು ಕೆಂಪು, ಉಬ್ಬು, ಹೊಟ್ಟು ಹೊಟ್ಟು. ನಡುವೆ ಮಾಸಿದ ಚರ್ಮ. ಉಂಗುರದ ಆಕಾರ ಬರುವುದು ಹೀಗೆ. ಬಿಗಿ ಚಡ್ಡಿಯ ಎಲಾಸ್ಟಿಕ್, ಶಾಲೆಯ ಬೆಲ್ಟು, ಸ್ನಾನದ ನಂತರವೂ ಒದ್ದೆಯಾಗಿರುವ ಉಡುದಾರ ಇದರ ಮೆಚ್ಚಿನ ತಾಣಗಳು.

ಹತ್ತು ವರ್ಷಕ್ಕೂ ಹಿಂದೆ ಎರಡು ಮೂರು ವಾರದ ಮುಲಾಮಿಗೆ ಹೋಗುತ್ತಿದ್ದ ಹುಳುಕಡ್ಡಿ ಈಗ ತಿಂಗಳುಗಟ್ಟಲೆ ಕಾಡುತ್ತಿದೆ ಎಂದು ಚರ್ಮವೈದ್ಯರು ಹೇಳುತ್ತಿದ್ದಾರೆ. ಅದಕ್ಕೆ ಕಾರಣವಾದ ಶಿಲೀಂಧ್ರಕ್ಕೆ 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಹೆಸರಿನಲ್ಲೇ ಇಂಡಿಯಾ ಇದೆ, ಹೆಮ್ಮೆಪಡುವ ವಿಷಯವೇನಲ್ಲ. ಟರ್ಬಿನಾಫಿನ್ ಎಂಬ ನೆಚ್ಚಿನ ಔಷಧಕ್ಕೆ ಇದರ ಹಲವು ತಳಿಗಳು ಬಗ್ಗುವುದಿಲ್ಲ. ಪರಿಸ್ಥಿತಿ ಇಷ್ಟು ಕೆಡಲು ಆ ಟ್ಯೂಬಿನ ಪಾಲೂ ದೊಡ್ಡದು ಎಂಬುದು ಅನೇಕ ತಜ್ಞರ ಅಭಿಪ್ರಾಯ.

ಅಕ್ಕನ ಮಗನ ಬ್ಯಾಗಿನ ಟ್ಯೂಬಿನ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ನಾಲ್ಕು ಔಷಧಗಳ ಹೆಸರಿದ್ದವು. ಶಿಲೀಂಧ್ರಕ್ಕೊಂದು, ಬ್ಯಾಕ್ಟೀರಿಯಾಕ್ಕೆರಡು, ಕೊನೆಯದು ಕ್ಲೋಬೆಟಸಾಲ್. ಇದು ಬಲು ಜೋರಿನ ಸ್ಟೀರಾಯ್ಡ್. ಸ್ಟೀರಾಯ್ಡ್ ಮಾಡುವುದು ಇಷ್ಟೆ: ಚರ್ಮದ ಕಾವಲುಗಾರರನ್ನು ಮಲಗಿಸುತ್ತದೆ. ಕೆಂಪು ಹೋಗುತ್ತದೆ, ತುರಿಕೆ ಅಡಗುತ್ತದೆ, ಮನೆಮಂದಿಗೆಲ್ಲ ಸಮಾಧಾನ. ಕಾವಲಿಲ್ಲದ ಮನೆಯಲ್ಲಿ ಶಿಲೀಂಧ್ರ ಆರಾಮಾಗಿ ಬೆಳೆಯುತ್ತದೆ. ನಿಲ್ಲಿಸಿದ ಕೂಡಲೇ ಎರಡರಷ್ಟಾಗಿ ಕಾಣುತ್ತದೆ, ಮತ್ತೆ ಟ್ಯೂಬು. ಉಂಗುರದ ಆಕಾರವೂ ಅಳಿಸಿಹೋಗಿ ಡಾಕ್ಟರಿಗೂ ಗುರುತು ಸಿಗದಂತಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದ ತೊಡೆಸಂದಿನಲ್ಲಿ ಚರ್ಮ ತೆಳುವಾಗಿ ಬೀಳುವ ಸೀಳುಗೆರೆಗಳು ಜೀವಮಾನವಿಡೀ ಉಳಿಯುತ್ತವೆ. ಎಳೆಗೂಸಿನ ಡಯಾಪರ್ ಜಾಗಕ್ಕೆ ಹಚ್ಚಿದರೆ ಔಷಧ ರಕ್ತಕ್ಕೆ ಸೇರಿ ಬೆಳವಣಿಗೆಗೇ ಕುತ್ತು ಬರಬಹುದು.

ಸ್ಟೀರಾಯ್ಡ್ ಎಂದರೆ ವಿಷ ಎಂದಲ್ಲ. ಇಸುಬಿಗೆ ಅದೇ ಮುಖ್ಯ ಔಷಧ. ಯಾವುದು, ಎಷ್ಟು ಜೋರಿನದು, ಎಷ್ಟು ದಿನ ಎಂದು ರೋಗ ಗುರುತಿಸಿದವರು ಹೇಳಬೇಕು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಅಂಗಡಿಗಳಲ್ಲಿ ಏನು ನಡೆಯುತ್ತಿದೆ ಎಂದು ನಿಮಗೇ ಗೊತ್ತು.

ಈಗಲೇ ಎದ್ದು ಮನೆಯ ಔಷಧದ ಡಬ್ಬಿ ತೆಗೆಯಿರಿ. ಟ್ಯೂಬಿನ ಹಿಂದೆ ಕ್ಲೋಬೆಟಸಾಲ್, ಬೆಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್, ಫ್ಲುಯೊಸಿನೊಲೋನ್ ಎಂಬ ಯಾವ ಹೆಸರಿದ್ದರೂ ಅದು ಸ್ಟೀರಾಯ್ಡ್. ಈ ಮಗುವಿಗೆ, ಈ ತೊಂದರೆಗೆ ಡಾಕ್ಟರು ಬರೆದದ್ದಲ್ಲವಾದರೆ ಹಚ್ಚಬೇಡಿ. ಈಗಾಗಲೇ ಬಹಳ ದಿನದಿಂದ ಹಚ್ಚುತ್ತಿದ್ದರೆ ಟ್ಯೂಬನ್ನೂ ಜತೆಗೆ ಒಯ್ದು ತೋರಿಸಿ.

ಹುಳುಕಡ್ಡಿಗೆ ಕೊಟ್ಟ ಮುಲಾಮನ್ನು ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಯವರೆಗೂ, ಹೊರಗಿನಿಂದ ಒಳಕ್ಕೆ ಹಚ್ಚಿ. ಶಿಲೀಂಧ್ರ ಇರುವುದು ಅಂಚಿನಲ್ಲಿ, ನಡುವಿನಲ್ಲಲ್ಲ. ಮಾಯವಾಯಿತು ಎನ್ನಿಸಿದ ಮೇಲೂ ಎರಡು ವಾರ ಮುಂದುವರಿಸಿ. ಒಳಉಡುಪನ್ನು ದಿನಾ ಬದಲಿಸಿ, ತಿರುವಿಹಾಕಿ ಬಿಸಿಲಲ್ಲಿ ಒಣಗಿಸಿ. ಮಳೆಗಾಲದಲ್ಲಿ ಬಿಸಿಲಿಲ್ಲವೆಂದರೆ ಇಸ್ತ್ರಿ ಪೆಟ್ಟಿಗೆ ಇದೆ.

ತಲೆಯಲ್ಲಿ ಹುಳುಕಡ್ಡಿ ಆದರೆ ಮಾತ್ರ ಮುಲಾಮು ಕೆಲಸಕ್ಕೆ ಬಾರದು. ದುಂಡಗೆ ಕೂದಲುದುರಿ, ಮುರಿದ ಕೂದಲಿನ ಕಪ್ಪು ಚುಕ್ಕೆಗಳು, ಹೊಟ್ಟು ಕಂಡರೆ ಶಿಲೀಂಧ್ರ ಕೂದಲ ಬುಡಕ್ಕೆ ಇಳಿದಿದೆ ಎಂದರ್ಥ. ಬಾಯಿಗೆ ಔಷಧ ವಾರಗಟ್ಟಲೆ ಬೇಕು. ಕೆಲವೊಮ್ಮೆ ಆ ಜಾಗ ಕೀವಿನ ಗಡ್ಡೆಯಂತೆ ಉಬ್ಬುತ್ತದೆ. ಕುರು ಎಂದು ಕೊಯ್ಯಿಸಬೇಡಿ.

ಬೆವರುಸಾಲೆ

ಬೆವರುನಾಳದ ಬಾಯಿ ಮುಚ್ಚಿಹೋಗಿ ಬೆವರು ಚರ್ಮದೊಳಗೇ ಸೋರುವುದರಿಂದ ಬರುವ ಗುಳ್ಳೆ. ಹಾಗಾದರೆ ಪೌಡರ್ ಸುರಿಯುವುದರಿಂದ ಏನಾಗುತ್ತದೆ? ಬೆವರೂ ಪೌಡರೂ ಕಲಸಿ ಹಿಟ್ಟಾಗಿ ಬಾಯಿ ಇನ್ನಷ್ಟು ಮುಚ್ಚುತ್ತದೆ. ಮೇಲಾಗಿ ಅದರ ಧೂಳು ಕೂಸಿನ ಉಸಿರಿಗೆ ಹೋಗುತ್ತದೆ. ಎಣ್ಣೆಯೂ ಅಷ್ಟೆ. ಏಪ್ರಿಲ್ ಬಿಸಿಯಲ್ಲಿ ಬಾಣಂತಿ ಕೋಣೆಯ ಕಿಟಕಿ ಮುಚ್ಚಿ, ಕೂಸಿಗೆ ಉಣ್ಣೆ ಟೋಪಿ, ಕಾಲುಚೀಲ ಹಾಕಿ, ಮೇಲೆ ಸಾಂಬ್ರಾಣಿ ಹೊಗೆ ಕೊಟ್ಟು, "ಮೈತುಂಬ ಗುಳ್ಳೆ ಎದ್ದಿದೆ" ಎಂದು ಗಾಬರಿಯಾಗುವ ಅಜ್ಜಿಯರ ಮೇಲೆ ನನಗೆ ಗೌರವ ಇದೆ, ಆದರೂ ಆ ಟೋಪಿ ತೆಗೆಯಿರಿ. ಗಾಳಿ, ತೆಳುವಾದ ಹತ್ತಿ ಬಟ್ಟೆ, ತಣ್ಣೀರಿನ ಬಟ್ಟೆಯಿಂದ ಒರೆಸುವುದು ಇಷ್ಟಕ್ಕೇ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಗುಳ್ಳೆಯಲ್ಲಿ ಕೀವು ತುಂಬಿದರೆ ಮಾತ್ರ ಔಷಧ.

ಕೆನ್ನೆಯ ಬಿಳಿ ಮಚ್ಚೆ

ಐದಾರು ವರ್ಷದ ಮಗುವಿನ ಕೆನ್ನೆಯಲ್ಲಿ ಮಸುಕಾದ ಬಿಳಿ ಮಚ್ಚೆ ಕಂಡರೆ ಒಂದು ಮನೆಯಲ್ಲಿ ಜಂತುಹುಳ ಎನ್ನುತ್ತಾರೆ, ಪಕ್ಕದ ಮನೆಯಲ್ಲಿ ಕ್ಯಾಲ್ಸಿಯಂ ಕೊರತೆ ಎನ್ನುತ್ತಾರೆ, ಮೂರನೇ ಮನೆಯಲ್ಲಿ ತೊನ್ನು ಎಂದು ಅಳುತ್ತಾರೆ. ಹೆಚ್ಚಿನ ಸಲ ಮೂರೂ ಅಲ್ಲ. ಒಣ ಚರ್ಮದ ಸೌಮ್ಯ ಇಸುಬು ಅದು. ಬಿಸಿಲಿಗೆ ಸುತ್ತಲ ಚರ್ಮ ಕಪ್ಪಾದಾಗ ಮಚ್ಚೆ ಎದ್ದು ಕಾಣುತ್ತದೆ. ತೇವ ಹಿಡಿದಿಡುವ ಮುಲಾಮು ಅಥವಾ ಕೊಬ್ಬರಿ ಎಣ್ಣೆಯನ್ನು ಮುಖ ತೊಳೆದ ಕೂಡಲೇ ತೆಳ್ಳಗೆ ಸವರಿ. ತಿಂಗಳುಗಳು ಹಿಡಿದರೂ ಹೋಗುತ್ತದೆ. ಜಂತಿನ ಗುಳಿಗೆಯನ್ನು ಅದರ ಕಾಲಕ್ಕೆ ಕೊಡಿ, ಮಚ್ಚೆಗಾಗಿ ಬೇಡ.

ಹದಿಹರೆಯದ ಮಕ್ಕಳ ಬೆನ್ನು, ಎದೆಯ ಮೇಲೆ ಬರುವ ಹೊಟ್ಟಿನಂಥ ಚುಕ್ಕೆಗಳು ಚಿಬ್ಬು. ಅದೊಂದು ಯೀಸ್ಟ್, ಸುಲಭದ ಔಷಧವಿದೆ.

ಆದರೆ ಒಂದು ಬಿಳಿ ಮಚ್ಚೆಯನ್ನು ಹಗುರಾಗಿ ಕಾಣಬಾರದು. ಮಸುಕು ಬಿಳಿ ಅಥವಾ ತಾಮ್ರದ ಬಣ್ಣ, ತುರಿಕೆ ಇಲ್ಲ, ಆ ಜಾಗದಲ್ಲಿ ಬೆವರಿಲ್ಲ, ರೋಮ ಕಡಿಮೆ. ಮಗುವಿಗೆ ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಮಚ್ಚೆಯನ್ನೂ ಪಕ್ಕದ ಚರ್ಮವನ್ನೂ ಮುಟ್ಟಿ, ಮುಟ್ಟಿದಲ್ಲಿ ಬೆರಳಿಡಲು ಹೇಳಿ. ಮಚ್ಚೆಯ ಮೇಲೆ ಗೊತ್ತಾಗದಿದ್ದರೆ ಕುಷ್ಠದ ಶಂಕೆ. ಮುಖದ ಮೇಲೆ ಈ ಪರೀಕ್ಷೆಯನ್ನು ನಂಬಲಾಗದು, ಹಾಗಾಗಿ ಸಂದೇಹ ಇದ್ದರೆ ತೋರಿಸುವುದೇ ಸರಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ. ಬಗೆ ನೋಡಿ ಆರು ಅಥವಾ ಹನ್ನೆರಡು ತಿಂಗಳ ಚಿಕಿತ್ಸೆ. ಬೇಗ ಶುರುಮಾಡಿದ ಮಗುವಿಗೆ ಸಾಮಾನ್ಯವಾಗಿ ಯಾವ ಊನವೂ ಉಳಿಯುವುದಿಲ್ಲ.

ಇನ್ನು ಕೆಲವು, ಚುಟುಕಾಗಿ

ಕೀಟ ಕಚ್ಚಿದ ಗಂಧೆ: ಮೊಣಕಾಲ ಕೆಳಗೆ ಗುಂಪುಗುಂಪಾಗಿ ಎದ್ದು, ಕಪ್ಪು ಕಲೆ ಬಿಟ್ಟು ಹೋಗುತ್ತವೆ. "ರಕ್ತ ಕೆಟ್ಟಿದೆ" ಎಂದು ಟಾನಿಕ್ ಕುಡಿಸಬೇಡಿ. ಸಂಜೆ ಉದ್ದ ಪೈಜಾಮ, ಸೊಳ್ಳೆಪರದೆ, ಕ್ಯಾಲಮೈನ್ ಸಾಕು.

ಮುತ್ತಿನಂಥ ಗುಳ್ಳೆ: ಹೊಳೆಯುವ, ನಡುವೆ ಕುಳಿ ಇರುವ, ನೋವಿಲ್ಲದ ಗುಳ್ಳೆಗಳು ವೈರಸ್‌ನಿಂದ ಬಂದವು. ಹಿಸುಕಿದರೆ ಹರಡುತ್ತವೆ. ಬಿಟ್ಟರೆ ವರ್ಷದೊಳಗೆ ಹೆಚ್ಚಾಗಿ ತಾವಾಗಿ ಹೋಗುತ್ತವೆ.

ಸೀತಾಳೆ ಸಿಡುಬು: ಅಮ್ಮ ಬಂದಿದ್ದಾಳೆ ಎಂದು ಬೇವಿನ ಸೊಪ್ಪು ಕಟ್ಟುವುದಕ್ಕೆ ಅಡ್ಡಿಯಿಲ್ಲ, ಸ್ನಾನ ನಿಲ್ಲಿಸಬೇಡಿ. ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು, ಆಸ್ಪಿರಿನ್ ಕೂಡದು. ಗುಳ್ಳೆಯೆಲ್ಲ ಹಕ್ಕಳೆ ಕಟ್ಟುವವರೆಗೆ ಶಾಲೆ ಬೇಡ, ಗರ್ಭಿಣಿಯರ ಹತ್ತಿರ ಬಿಡಬೇಡಿ.

ದೀಪದ ಹುಳ: ಮಳೆಗಾಲದ ರಾತ್ರಿ ದೀಪಕ್ಕೆ ಬರುವ, ಕಿತ್ತಳೆ–ಕಪ್ಪು ಪಟ್ಟೆಯ ಉದ್ದನೆ ಹುಳ ಕಚ್ಚುವುದಿಲ್ಲ. ಮೈಮೇಲೆ ಹೊಸಕಿದರೆ ಅದರ ರಸಕ್ಕೆ ಬರೆ ಎಳೆದಂತೆ ಗುಳ್ಳೆ ಏಳುತ್ತದೆ. ಊದಿ ಹಾರಿಸಿ. ಹೊಸಕಿಬಿಟ್ಟಿದ್ದರೆ ತಕ್ಷಣ ಸೋಪಿನಲ್ಲಿ ತೊಳೆಯಿರಿ.

ಸಾಮಾನ್ಯ ತಪ್ಪುಗಳು

* ಹೊಗೆಸೊಪ್ಪಿನ ನೀರಿನ ಸ್ನಾನ: ನಿಕೋಟಿನ್ ಚರ್ಮದ ಮೂಲಕ ಮಗುವಿನ ರಕ್ತಕ್ಕೆ ಸೇರುತ್ತದೆ. ವಾಂತಿ, ಫಿಟ್ಸ್ ಬರಬಹುದು.
* ಬೆಳ್ಳುಳ್ಳಿ ಜಜ್ಜಿ ಕಟ್ಟುವುದು: ಹುಳುಕಡ್ಡಿಗಿಂತ ದೊಡ್ಡ ಸುಟ್ಟಗಾಯವಾಗುತ್ತದೆ.
* ಹೇನಿಗೆ ಸೀಮೆಎಣ್ಣೆ: ಉರಿ ಒಂದು ಕಡೆ, ಒಲೆಯ ಹತ್ತಿರ ಹೋದರೆ ಬೆಂಕಿ ಇನ್ನೊಂದು ಕಡೆ. ಒದ್ದೆ ತಲೆಗೆ ಸೀರಣಿಗೆ ಹಾಕಿ, ಹೇನಿನ ಮುಲಾಮು ಹಚ್ಚಿ.
* ಸ್ನಾನದ ನೀರಿಗೆ ಡೆಟಾಲ್ ಹೆಚ್ಚೆಚ್ಚು ಸುರಿಯುವುದು: ಒಣಗಿದ, ಉರಿದ ಚರ್ಮ ಇನ್ನಷ್ಟು ಕೆರೆಯುತ್ತದೆ.
* ಬದನೆಕಾಯಿ ನಂಜು, ಮೊಟ್ಟೆ ನಂಜು ಎಂದು ಊಟ ಕತ್ತರಿಸುವುದು: ಕಜ್ಜಿಯ ನುಸಿಗೂ ಮಗು ತಿಂದ ಬದನೆಕಾಯಿಗೂ ಸಂಬಂಧವಿಲ್ಲ. ಮೊಟ್ಟೆ ತಪ್ಪಿದರೆ ನಷ್ಟ ಮಗುವಿಗೆ.

ತಡಮಾಡದೆ ಆಸ್ಪತ್ರೆಗೆ

ಗುಳ್ಳೆಯ ಜತೆ ಜ್ವರ ಬಂದು ಮಗು ಮಂಕಾಗಿದ್ದರೆ. ಹುಣ್ಣಿನ ಸುತ್ತ ಕೆಂಪು, ಬಿಸಿ, ಊತ ಬೇಗ ಹಬ್ಬುತ್ತಿದ್ದರೆ. ಒತ್ತಿದರೂ ಮಾಸದ ನೇರಳೆ ಚುಕ್ಕೆಗಳು ಕಂಡರೆ. ಯಾವುದೋ ಔಷಧ ತೆಗೆದುಕೊಂಡ ಮೇಲೆ ಬಾಯಿ, ಕಣ್ಣಿನಲ್ಲೂ ಹುಣ್ಣಾಗಿ ಚರ್ಮ ಸುಲಿಯುತ್ತಿದ್ದರೆ. ಒಂದು ತಿಂಗಳೊಳಗಿನ ಕೂಸಿಗೆ ಕೀವುಗುಳ್ಳೆ ಎದ್ದರೆ ಬೆಳಗಾಗುವವರೆಗೂ ಕಾಯಬೇಡಿ.

ಉಳಿದವಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಅವರು ನೋಡಬೇಕಾದ ಪಟ್ಟಿಯಲ್ಲಿ ಕಜ್ಜಿ, ಶಿಲೀಂಧ್ರ ಸೋಂಕು, ಇಸುಬು ಮೂರೂ ಇವೆ. ನಿಮ್ಮ ಊರಿನ ಶಾಲೆಗೆ ಯಾವಾಗ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನೋ ಮೇಷ್ಟ್ರನ್ನೋ ಕೇಳಿಟ್ಟುಕೊಳ್ಳಿ. ಮಗು ಅಂದು ತಪ್ಪದೆ ಶಾಲೆಯಲ್ಲಿರಲಿ, ನಾಚಿಕೆಯಿಂದ ತೋಳು ಮುಚ್ಚಿಕೊಳ್ಳದಂತೆ ಮೊದಲೇ ಹೇಳಿ.

ನಮ್ಮ ಮನೆಯಲ್ಲಿ ಕೊನೆಗೆ ಐದೂ ಜನ ಒಂದೇ ರಾತ್ರಿ ಹಚ್ಚಿಕೊಂಡೆವು. ಅತ್ತೆಯವರನ್ನು ಒಪ್ಪಿಸಲು ಒಂದು ಸಂಜೆ ಪೂರ್ತಿ ಹಿಡಿಯಿತು. ಹಾಸ್ಟೆಲ್ಲಿನ ವಾರ್ಡನ್‌ಗೆ ಫೋನ್ ಮಾಡಿದಾಗ ಆ ಕೋಣೆಯ ಇನ್ನೂ ಆರು ಹುಡುಗರು ಕೆರೆದುಕೊಳ್ಳುತ್ತಿರುವುದು ತಿಳಿಯಿತು. ಅಷ್ಟು ದಿನ ಯಾರೂ ಬಾಯಿಬಿಟ್ಟಿರಲಿಲ್ಲ. ನಿಮ್ಮ ಮಗುವಿಗೆ ಕಜ್ಜಿ ಎಂದು ಗೊತ್ತಾದ ದಿನ, ಅದರ ಪಕ್ಕ ಕೂರುವ, ಪಕ್ಕ ಮಲಗುವ ಮಗುವಿನ ಮನೆಗೂ ದಯವಿಟ್ಟು ಒಂದು ಫೋನ್ ಮಾಡಿ.